ಬೀಗ, ಬೀಗದ ಕೈ ಮತ್ತು ಹಂಚಿಕೊಟ್ಟ ಒಂದು ಕಾದಂಬರಿ

ಗೂಢಲಿಪಿಯ ವಿದ್ಯೆ ಯಾರ ಸೊತ್ತು? ಅರಸನದೋ, ಪ್ರಜೆಯದೋ? ನಮ್ಮ ಹಳೆಯ ಶಾಸ್ತ್ರಗ್ರಂಥಗಳನ್ನು ಕೇಳಿದರೆ ಎರಡು ಉತ್ತರಗಳು ದೊರೆಯುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಚಾರರು ಸಂಗ್ರಹಿಸಿದ ವರ್ತಮಾನವನ್ನು ಸಂಜ್ಞಾಲಿಪಿಯಲ್ಲಿ ಸಾಗಿಸಬೇಕೆಂಬ ವಿಧಿಯುಂಟು. ಅಲ್ಲಿ ಅದು ರಾಜ್ಯತಂತ್ರದ ಉಪಕರಣ. ವಾತ್ಸ್ಯಾಯನನು ಎಣಿಸುವ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಾದರೋ ಹಾಡು, ಹೂಮಾಲೆ, ಅಡುಗೆ, ಒಗಟುಗಳ ಸಾಲಿನಲ್ಲಿಯೇ ‘ಮ್ಲೇಚ್ಛಿತ ವಿಕಲ್ಪ’ ಎಂಬುದೊಂದು ಸೇರಿದೆ. ಅಕ್ಷರಗಳನ್ನು ಹಿಂದುಮುಂದು ಮಾಡಿ ಪರರಿಗೆ ತಿಳಿಯದಂತೆ ನುಡಿಯುವ, ಬರೆಯುವ ಜಾಣ್ಮೆಯೇ ಅದು. ಅಲ್ಲಿ ಅದು ಪೌರರು, ಅದರಲ್ಲಿಯೂ ಸ್ತ್ರೀಯರು, ಕಲಿಯತಕ್ಕ ವಿದ್ಯೆ.

ಈ ಎರಡು ಉತ್ತರಗಳ ನಡುವಣ ವ್ಯಾಜ್ಯ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ನ್ಯಾಯಾಲಯಗಳವರೆಗೂ ಹೋಯಿತು. ಅದರ ನೆರಳಿನಲ್ಲಿ, ಹದಿಹರೆಯದವರಿಗಾಗಿ, ಒಂದು ಕಾದಂಬರಿ ಹುಟ್ಟಿತು. ಆ ಕಾದಂಬರಿಯನ್ನು ಓದುಗರಿಗೆ ಪರಿಚಯ ಮಾಡಿಕೊಟ್ಟು, ಅದರ ಬೆನ್ನಹಿಂದಿರುವ ಇತಿಹಾಸವನ್ನು ಹೇಳುವುದು ಈ ಲೇಖನದ ಉದ್ದೇಶ. ಪುಸ್ತಕಕ್ಕೆ ದುಡ್ಡು ಕೊಡಬೇಕಾಗಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಕೂಡ ಈ ಇತಿಹಾಸದ ಒಂದು ಭಾಗವೇ.

ಪುಸ್ತಕದ ಹೆಸರು ‘ಲಿಟ್ಲ್ ಬ್ರದರ್’. ಬರೆದವರು ಕೋರಿ ಡಾಕ್ಟರೋ. 1971ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಹುಟ್ಟಿದವರು. 2007ರ ಮೇ ತಿಂಗಳಿನಲ್ಲಿ ಆರಂಭಿಸಿ ಎಂಟೇ ವಾರಗಳಲ್ಲಿ ಬರೆದು ಮುಗಿಸಿದೆನೆಂದು ಅವರೇ ಹೇಳಿಕೊಂಡಿದ್ದಾರೆ. 2008ರ ಏಪ್ರಿಲ್ ಕೊನೆಯಲ್ಲಿ ಟಾರ್ ಪ್ರಕಾಶನದವರು ಅಚ್ಚು ಹಾಕಿದರು. ಹೆಸರಿನಲ್ಲಿಯೇ ಒಂದು ಮಾರುತ್ತರವಿದೆ. 1949ರಲ್ಲಿ ಜಾರ್ಜ್ ಆರ್ವೆಲನು—ಈತನು ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ—ತನ್ನ ‘ನೈನ್‌ಟೀನ್ ಎಯ್ಟಿಫೋರ್’ ಕಾದಂಬರಿಯಲ್ಲಿ ಎಲ್ಲರ ಮೇಲೂ ಕಣ್ಣಿಟ್ಟಿರುವ ‘ಬಿಗ್ ಬ್ರದರ್’ ಎಂಬ ಅಧಿನಾಯಕನನ್ನು ಕಲ್ಪಿಸಿದ್ದನಷ್ಟೆ. ಇಲ್ಲಿ ಕಣ್ಣಿಡುವವರ ಮೇಲೆ ತಿರುಗಿ ಕಣ್ಣಿಡುವವನು ಒಬ್ಬ ಚಿಕ್ಕವನು.

ಕಥೆ ನಡೆಯುವುದು ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ. ಮಾರ್ಕಸ್ ಎಂಬ ಹದಿನೇಳು ವರ್ಷದ ಹುಡುಗ ಮೂವರು ಗೆಳೆಯರೊಡನೆ ಶಾಲೆ ತಪ್ಪಿಸಿ ಆಟಕ್ಕೆ ಹೊರಟ ದಿನವೇ ಊರಿನ ದೊಡ್ಡ ಸೇತುವೆಯನ್ನು ಯಾರೋ ಸಿಡಿಸುತ್ತಾರೆ. ನೂಕುನುಗ್ಗಲಿನಲ್ಲಿ ಒಬ್ಬ ಗೆಳೆಯನಿಗೆ ಇರಿತವಾಗುತ್ತದೆ. ಸಹಾಯಕ್ಕೆಂದು ವಾಹನವೊಂದನ್ನು ಅಡ್ಡಗಟ್ಟಿದ ಮಕ್ಕಳನ್ನು ದೇಶದ ಭದ್ರತಾ ಇಲಾಖೆಯವರು ಹಿಡಿದು ಮುಸುಕು ಹಾಕಿ ಒಯ್ಯುತ್ತಾರೆ. ಅಲ್ಲಿ ಅಧಿಕಾರಿಣಿಯೊಬ್ಬಳು ಮಾರ್ಕಸನ ಫೋನು ತೆರೆಯುವ ಗುಪ್ತಪದವನ್ನು ಕೇಳುತ್ತಾಳೆ. ತಾನೇನೂ ತಪ್ಪು ಮಾಡಿಲ್ಲ, ಕೇಳುವ ಹಕ್ಕು ನಿಮಗಿಲ್ಲ ಎಂದು ಹುಡುಗ ಒಪ್ಪುವುದಿಲ್ಲ. ಕೆಲವು ದಿನಗಳ ಹಿಂಸೆಯ ತರುವಾಯ ಹೇಳಿಬಿಡುತ್ತಾನೆ. ಬಿಡುಗಡೆಯಾಗಿ ಮನೆಗೆ ಬಂದಾಗ ಗಾಯಗೊಂಡ ಗೆಳೆಯನ ಸುಳಿವೇ ಇಲ್ಲ. ಊರಿನ ತುಂಬ ಕಾವಲು. ಅಲ್ಲಿಂದ ಮುಂದಿನದು ಆ ಹುಡುಗನು ತನಗೆ ಬರುವ ವಿದ್ಯೆಯೊಂದನ್ನೇ ನಂಬಿ ಆ ಕಾವಲಿನೊಡನೆ ಹೋರಾಡಿದ ಕಥೆ. ಕೊನೆಯನ್ನು ಹೇಳಿ ಓದುಗರ ಕುತೂಹಲವನ್ನು ಕೆಡಿಸುವುದಿಲ್ಲ.

ಗಣಕಯಂತ್ರದ ಕಳ್ಳಬಾಗಿಲನ್ನು ತೆರೆಯುವ ವೀರರ ಕಥೆಗಳು, ಚಲನಚಿತ್ರಗಳು ಬೇಕಾದಷ್ಟು ಬಂದಿವೆ. ನಾಯಕನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹತ್ತು ಗುಂಡಿಗಳನ್ನೊತ್ತಿದರೆ ಬ್ಯಾಂಕಿನ ತಿಜೋರಿ ಬಾಯಿಬಿಡುತ್ತದೆ. ಅದು ಹಳೆಯ ಅದ್ಭುತ ಕಥೆಗಳ ಮಂತ್ರದಂಡದ ಕೆಲಸ, ‘ಹ್ಯಾಕಿಂಗ್’ ಅಲ್ಲ. ಆ ಮಾತು ಇಂದಿನ ಅರ್ಥದಲ್ಲಿ ಬಳಕೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ, ಮೆಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಆಟಿಕೆ ರೈಲುಗಳ ಕೂಟದ ಹುಡುಗರ ನಡುವೆ. ಯಂತ್ರವನ್ನು ಬಿಚ್ಚಿ ನೋಡಿ, ಮಾಡಿದವನು ಎಣಿಸದಿದ್ದ ಕೆಲಸವನ್ನು ಅದರಿಂದ ಮಾಡಿಸುವುದು ಅವರ ಪಾಲಿಗೆ ‘ಹ್ಯಾಕ್’ ಆಗಿತ್ತು. ಕಳ್ಳತನದ ಅರ್ಥ ಅದಕ್ಕೆ ಮೆತ್ತಿಕೊಂಡದ್ದು ಆಮೇಲೆ. ಡಾಕ್ಟರೋ ಅವರ ಹುಡುಗ ಮೊದಲಿನ ಅರ್ಥದ ಹ್ಯಾಕರ್. ಅವನ ಶಾಲೆಯಲ್ಲಿ ನಡಿಗೆಯ ಧಾಟಿಯಿಂದ ವಿದ್ಯಾರ್ಥಿಗಳನ್ನು ಗುರುತಿಸುವ ಕ್ಯಾಮರಾಗಳಿವೆ. ಅವನು ಬೂಟಿನೊಳಗೆ ಒಂದು ಹಿಡಿ ಜಲ್ಲಿಕಲ್ಲು ಹಾಕಿಕೊಂಡು ನಡೆಯುತ್ತಾನೆ. ನಡಿಗೆ ಬದಲಾಗುತ್ತದೆ, ಯಂತ್ರ ಕಂಗೆಡುತ್ತದೆ! ಇದಕ್ಕಿಂತ ಅಗ್ಗದ ಉಪಾಯ ಯಾವುದಿದ್ದೀತು?

ಪುಸ್ತಕದ ತಿರುಳು ಬೀಗ ಮುರಿಯುವುದಲ್ಲ, ಬೀಗ ಹಾಕುವುದು. ಇಬ್ಬರು ಗುಟ್ಟಾಗಿ ಮಾತಾಡಿಕೊಳ್ಳಬೇಕಾದರೆ ಇಬ್ಬರಲ್ಲಿಯೂ ಒಂದೇ ಬೀಗದ ಕೈ ಇರಬೇಕು ಎಂದು ಜನ ಶತಮಾನಗಳಿಂದ ತಿಳಿದಿದ್ದರು. ಆ ಕೈಯನ್ನು ತಲಪಿಸುವುದು ಹೇಗೆ? ದೂತನು ಸಿಕ್ಕಿಬಿದ್ದರೆ ಗುಟ್ಟೂ ಸಿಕ್ಕಿಬಿದ್ದಂತೆ. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಎಂಬಿಬ್ಬರು ಹೊಸ ದಾರಿಯೊಂದನ್ನು ತೋರಿಸಿದರು. ನಮ್ಮ ಬೀದಿಯ ಅಂಚೆಪೆಟ್ಟಿಗೆಯನ್ನು ನೆನಸಿಕೊಳ್ಳಿ. ಅದರೊಳಗೆ ಕಾಗದವನ್ನು ಯಾರು ಬೇಕಾದರೂ ಹಾಕಬಹುದು. ತೆಗೆಯಬಲ್ಲವನು ಬೀಗದ ಕೈಯುಳ್ಳ ಅಂಚೆಯವನೊಬ್ಬನೇ. ಹಾಗೆಯೇ ಹಾಕುವ ಕೀಲಿ ಒಂದು, ತೆರೆಯುವ ಕೀಲಿ ಇನ್ನೊಂದು. ಮೊದಲನೆಯದನ್ನು ಊರಿಗೆಲ್ಲ ಹಂಚಿದರೂ ಎರಡನೆಯದಕ್ಕೆ ಭಯವಿಲ್ಲ. ಮರುವರ್ಷವೇ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಾಕಾರದಿಂದ ಅದನ್ನು ಕಾರ್ಯಕ್ಕೆ ತಂದರು. ಎರಡು ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮರಳಿ ಬಿಡಿಸುವುದು ಬಹು ಕಷ್ಟ. ಬೀಗದ ಗುಟ್ಟೆಲ್ಲ ಇಷ್ಟರಲ್ಲಿಯೇ ಇದೆ.

ಸರಕಾರಕ್ಕೆ ಇದು ಹಿಡಿಸಲಿಲ್ಲ. ಅಮೆರಿಕದ ಕಾನೂನಿನಲ್ಲಿ ಗೂಢಲಿಪಿಯು ಯುದ್ಧಸಾಮಗ್ರಿಗಳ ಪಟ್ಟಿಯಲ್ಲಿ, ತೋಪು ಮದ್ದುಗುಂಡುಗಳ ಸಾಲಿನಲ್ಲಿತ್ತು. 1977ರ ಬೇಸಗೆಯಲ್ಲಿ ರಾಷ್ಟ್ರೀಯ ಭದ್ರತಾ ಸಂಸ್ಥೆಯ ನೌಕರನೊಬ್ಬನು, ಇಂಥ ಪ್ರಬಂಧಗಳನ್ನು ಪ್ರಕಟಿಸುವುದು ಶಸ್ತ್ರಾಸ್ತ್ರ ಕಾನೂನಿನ ಉಲ್ಲಂಘನೆಯಾದೀತೆಂದು ಇಂಜಿನಿಯರುಗಳ ಸಂಘಕ್ಕೆ ಕಾಗದ ಬರೆದನು. ಆ ವರ್ಷದ ಅಕ್ಟೋಬರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿದ್ವತ್ಸಭೆ. ಹೆಲ್ಮನ್ನರ ಶಿಷ್ಯರಾದ ರಾಲ್ಫ್ ಮರ್ಕಲ್ ಮತ್ತು ಸ್ಟೀವ್ ಪೋಲಿಗ್ ತಮ್ಮ ಪ್ರಬಂಧಗಳನ್ನು ಓದಬೇಕಾಗಿತ್ತು. ವಿಶ್ವವಿದ್ಯಾಲಯದ ವಕೀಲರು, ಮೊಕದ್ದಮೆ ಬಂದರೆ ಪ್ರಾಧ್ಯಾಪಕರ ಬೆಂಬಲಕ್ಕೆ ನಿಲ್ಲಬಹುದು, ವಿದ್ಯಾರ್ಥಿಗಳ ಬೆಂಬಲಕ್ಕೆ ನಿಲ್ಲುವುದು ಕಷ್ಟ ಎಂದು ಎಚ್ಚರಿಸಿದರು. ಆಗ ಗುರುವೇ ಎದ್ದು ಶಿಷ್ಯರ ಪ್ರಬಂಧಗಳನ್ನು ಓದಿದರು. ಮಾತಾಡದಿದ್ದರೂ ಗೌರವ ಅವರಿಗೇ ಸಲ್ಲಲೆಂದು ಇಬ್ಬರು ಹುಡುಗರನ್ನೂ ವೇದಿಕೆಯ ಮೇಲೆ ತಮ್ಮ ಪಕ್ಕದಲ್ಲಿಯೇ ನಿಲ್ಲಿಸಿಕೊಂಡರು. ಮೂವತ್ತು ವರ್ಷ ತರಗತಿಗಳಲ್ಲಿ ಕಳೆದ ನನಗೆ ಈ ಇತಿಹಾಸದಲ್ಲೆಲ್ಲ ಹೆಚ್ಚು ಪ್ರಿಯವಾದ ಚಿತ್ರ ಇದು.

ಇನ್ನೊಂದು ಚಿತ್ರ ಇದಕ್ಕೆ ತದ್ವಿರುದ್ಧ. ಬ್ರಿಟಿಷ್ ಸರಕಾರದ ಗೂಢಲಿಪಿ ಕಚೇರಿಯಲ್ಲಿ ಜೇಮ್ಸ್ ಎಲ್ಲಿಸ್ ಎಂಬಾತನು ಇದೇ ತತ್ತ್ವವನ್ನು 1970ರಲ್ಲಿಯೇ ಕಂಡುಕೊಂಡಿದ್ದನು. 1973ರಲ್ಲಿ ಅವನ ಸಹೋದ್ಯೋಗಿ ಕ್ಲಿಫರ್ಡ್ ಕಾಕ್ಸ್ ಅದಕ್ಕೆ ಗಣಿತದ ರೂಪವನ್ನೂ ಕೊಟ್ಟಿದ್ದನು. ಇಬ್ಬರೂ ಬಾಯಿಬಿಡುವಂತಿರಲಿಲ್ಲ. ಸರಕಾರವು ಆ ಸಂಗತಿಯನ್ನು ಹೊರಗೆಡಹಿದ್ದು 1997ರ ಡಿಸೆಂಬರಿನಲ್ಲಿ. ಎಲ್ಲಿಸನು ತೀರಿಕೊಂಡದ್ದು ಅದರ ಹಿಂದಿನ ತಿಂಗಳು.

ಮುಂದೆ 1991ರಲ್ಲಿ ಫಿಲ್ ಜಿಮ್ಮರ್‌ಮನ್ ಎಂಬುವರು ಸಾಮಾನ್ಯರ ಗಣಕದಲ್ಲಿಯೂ ನಡೆಯಬಲ್ಲ ಒಂದು ಗೂಢಲಿಪಿ ಸಾಧನವನ್ನು ತಯಾರಿಸಿ ಪುಕ್ಕಟೆಯಾಗಿ ಹಂಚಿದರು. ಅದು ಗಡಿ ದಾಟಿ ಲೋಕವೆಲ್ಲ ಹರಡಿತು. ಆಯುಧ ರಫ್ತಿನ ಆಪಾದನೆಯ ಮೇಲೆ 1993ರಿಂದ 1996ರವರೆಗೆ ಅವರ ಮೇಲೆ ತನಿಖೆ ನಡೆಯಿತು. ಕೊನೆಗೆ ಯಾವ ಮೊಕದ್ದಮೆಯೂ ಇಲ್ಲದೆ ಕೈಬಿಡಲಾಯಿತು. ಈ ನಡುವೆ ನಡೆದದ್ದೊಂದು ಸೊಗಸಾದ ಪ್ರಸಂಗ. ಗಣಕದ ತಟ್ಟೆಯಲ್ಲಿ ತುಂಬಿಕೊಂಡು ಹೋದರೆ ಅದು ಆಯುಧ. ಅದೇ ಅಕ್ಷರಗಳನ್ನು ಕಾಗದದ ಮೇಲೆ ಅಚ್ಚು ಹಾಕಿದರೆ ಅದು ಪುಸ್ತಕ, ಪುಸ್ತಕಕ್ಕೆ ತಡೆಯಿಲ್ಲ. ಮೆಸಚೂಸೆಟ್ಸ್ ಸಂಸ್ಥೆಯ ಮುದ್ರಣಾಲಯದವರು 1995ರಲ್ಲಿ ಆ ಇಡೀ ಕ್ರಮವಿಧಿಯನ್ನು ಗ್ರಂಥವಾಗಿ ಪ್ರಕಟಿಸಿಯೇಬಿಟ್ಟರು. ಅಚ್ಚಿನ ಮೊಳೆಗಿರುವ ಮರ್ಯಾದೆ ಎಂಥದೆಂಬುದು ನನ್ನಂಥ ಪಂಡಿತವರ್ಗದವರಿಗೆ ಹೊಸದಲ್ಲ. ಸುಂಕದ ಕಟ್ಟೆಯವರೂ ಅದನ್ನು ಒಪ್ಪಬೇಕಾಗಿ ಬಂದದ್ದು ಕಂಡು ಸಂತೋಷವಾಯಿತು.

ಅದೇ 1995ರಲ್ಲಿ ಬರ್ಕ್ಲಿಯ ಸಂಶೋಧನ ವಿದ್ಯಾರ್ಥಿ ಡೇನಿಯಲ್ ಬರ್ನ್‌ಸ್ಟೈನ್ ಸರಕಾರದ ಮೇಲೆ ದಾವೆ ಹೂಡಿದನು. ತಾನು ರಚಿಸಿದ ಗೂಢಲಿಪಿಯ ವಿಧಾನವನ್ನು ಪ್ರಕಟಿಸಬೇಕಾದರೆ ಆಯುಧ ವ್ಯಾಪಾರಿಯಂತೆ ಅಪ್ಪಣೆಚೀಟಿ ಪಡೆಯಬೇಕೆಂಬುದನ್ನು ಅವನು ಒಪ್ಪಲಿಲ್ಲ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶೆ ಮ್ಯಾರಿಲಿನ್ ಹಾಲ್ ಪಟೇಲ್, ಗಣಕದ ಭಾಷೆಯೂ ಜರ್ಮನ್, ಫ್ರೆಂಚುಗಳಂತೆ ಭಾಷೆಯೇ ಸರಿ, ಅದರಲ್ಲಿ ಬರೆದದ್ದಕ್ಕೂ ವಾಕ್‌ಸ್ವಾತಂತ್ರ್ಯದ ರಕ್ಷಣೆಯುಂಟು ಎಂದು ತೀರ್ಪಿತ್ತರು. ಸೂತ್ರಗಳಲ್ಲಿ ವ್ಯಾಕರಣ ಕಲಿತ ನಮ್ಮವರಿಗೆ ಈ ಮಾತು ಕೂಡಲೇ ಹಿಡಿಸೀತು. 1999ರಲ್ಲಿ ಮೇಲಿನ ನ್ಯಾಯಾಲಯದ ಪೀಠವೂ ಅವನ ಕಡೆಗೇ ಹೇಳಿತು. ಮರುವಿಚಾರಣೆ ಇನ್ನೂ ನಡೆಯಬೇಕೆನ್ನುವಾಗಲೇ, 2000ದ ಜನವರಿಯಲ್ಲಿ, ಸರಕಾರ ತನ್ನ ಕಟ್ಟುಪಾಡುಗಳನ್ನು ಬಹುಮಟ್ಟಿಗೆ ಸಡಿಲಿಸಿತು. ದಾವೆಯಲ್ಲಿ ಬರ್ನ್‌ಸ್ಟೈನನ ಬೆನ್ನಿಗೆ ನಿಂತದ್ದು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ. ನಮ್ಮ ಕಾದಂಬರಿಕಾರರು ಕೆಲವು ವರ್ಷ ದುಡಿದದ್ದು ಆ ಸಂಸ್ಥೆಯಲ್ಲಿಯೇ.

ಆದುದರಿಂದಲೇ ಕಾದಂಬರಿಯಲ್ಲಿ ವಿವರಗಳು ಗಟ್ಟಿಯಾಗಿವೆ. ಹುಡುಗರು ಸಂದೇಶಗಳನ್ನು ಕೈಯಿಂದ ಕೈಗೆ ದಾಟಿಸುವ ‘ಈರುಳ್ಳಿ’ ಜಾಲ ನಿಜವಾದದ್ದು. ಅದರ ಬೀಜ ಬಿದ್ದದ್ದು ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ. ಅಂಚೆಪೆಟ್ಟಿಗೆಯೇನೋ ಸರಿ, ಅದು ನಿಜವಾಗಿ ಅವನದೇ ಎಂದು ತಿಳಿಯುವುದು ಹೇಗೆ, ಎಂಬ ಪ್ರಶ್ನೆಯೂ ಬರುತ್ತದೆ. ಹುಡುಗರೆಲ್ಲ ರಾತ್ರಿ ಕಡಲತೀರದಲ್ಲಿ ಕೂಡಿ, ಮುಖ ನೋಡಿ, ಒಬ್ಬರ ಕೀಲಿಗೆ ಇನ್ನೊಬ್ಬರು ಸಾಕ್ಷಿ ಹಾಕುತ್ತಾರೆ. ಸಂಬಂಧ ಬೆಳೆಸುವ ಮುಂಚೆ ಪರಿಚಿತರ ಪರಿಚಿತರನ್ನು ವಿಚಾರಿಸುವ ನಮ್ಮ ಹಿರಿಯರ ಕ್ರಮಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ.

ಎಲ್ಲಕ್ಕಿಂತ ಉಪಯುಕ್ತವಾದದ್ದು ಮಾರ್ಕಸನು ತನ್ನ ತಂದೆಗೆ ಮನೆಯಲ್ಲಿ ಹೇಳಿಕೊಡುವ ಲೆಕ್ಕ. ಅದನ್ನು ನನ್ನ ಅಂಕಿಗಳಲ್ಲಿ ಹೇಳುತ್ತೇನೆ. ಹತ್ತು ಲಕ್ಷ ಜನರಿರುವ ಊರಿನಲ್ಲಿ ಹತ್ತು ಮಂದಿ ದುಷ್ಟರಿದ್ದಾರೆನ್ನಿ. ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಹೇಳುವ ಯಂತ್ರವೊಂದನ್ನು ತಂದು ಊರವರನ್ನೆಲ್ಲ ಅದರ ಮುಂದೆ ನಿಲ್ಲಿಸಿದರೆ ಏನಾದೀತು? ತಪ್ಪುವುದು ನೂರಕ್ಕೆ ಒಂದೇ ಸಲ; ಆದರೆ ಹತ್ತು ಲಕ್ಷದಲ್ಲಿ ನೂರಕ್ಕೆ ಒಂದೆಂದರೆ ಹತ್ತು ಸಾವಿರ. ಹತ್ತು ಮಂದಿ ದುಷ್ಟರಿಗಾಗಿ ಹತ್ತು ಸಾವಿರ ನಿರಪರಾಧಿಗಳು ಠಾಣೆಯ ಬಾಗಿಲಲ್ಲಿ! ಈ ಲೆಕ್ಕವನ್ನು ನಮ್ಮ ಶಾಲೆಯ ಗಣಿತದ ಮೇಷ್ಟರಿಗೆ ತೋರಿಸಿದೆ. ಅವರು ಸುಮ್ಮನೆ ಎರಡು ಸಲ ಗುಣಿಸಿ ನೋಡಿ, ಮರುದಿನವೇ ತರಗತಿಯ ಕಪ್ಪುಹಲಗೆಯ ಮೇಲೆ ಬರೆದರು.

ಇನ್ನು ಪುಸ್ತಕ ಪುಕ್ಕಟೆಯಾದ ಬಗೆ. ನ್ಯೂ ಹ್ಯಾಂಪ್‌ಶೈರಿನ ಎರಿಕ್ ಎಲ್ಡ್ರೆಡ್ ಎಂಬ ಗೃಹಸ್ಥರು 1995ರಲ್ಲಿ, ತಮ್ಮ ಹೆಣ್ಣುಮಕ್ಕಳ ಪಾಠಕ್ಕೆ ನೆರವಾಗಲೆಂದು, ಹಾಥಾರ್ನನ ಹಳೆಯ ಕಾದಂಬರಿಯೊಂದನ್ನು ಟಿಪ್ಪಣಿಗಳೊಡನೆ ಅಂತರ್ಜಾಲದಲ್ಲಿ ಇರಿಸಿದರು. ಹಕ್ಕು ಮುಗಿದ ಬೇರೆ ಗ್ರಂಥಗಳನ್ನೂ ಹೀಗೆಯೇ ಹಂಚುತ್ತ ಹೋದರು. 1998ರಲ್ಲಿ ಅಮೆರಿಕದ ಶಾಸನಸಭೆಯು ಗ್ರಂಥಸ್ವಾಮ್ಯದ ಅವಧಿಯನ್ನು ಇನ್ನೂ ಇಪ್ಪತ್ತು ವರ್ಷ ಲಂಬಿಸಿದಾಗ ಅವರು ನ್ಯಾಯಾಲಯಕ್ಕೆ ಹೋದರು. 2003ರ ಜನವರಿಯಲ್ಲಿ ಸೋತರು. ಆದರೆ ಆ ವೇಳೆಗೆ ಅವರು, ಅವರ ಪರ ವಾದಿಸಿದ ಲಾರೆನ್ಸ್ ಲೆಸಿಗ್ ಮೊದಲಾದವರು ಕೂಡಿ ‘ಕ್ರಿಯೇಟಿವ್ ಕಾಮನ್ಸ್’ ಎಂಬ ಸಂಸ್ಥೆಯನ್ನು ಕಟ್ಟಿ, ಲೇಖಕನೇ ಮನಸಾರೆ ತನ್ನ ಕೃತಿಯನ್ನು ಹಂಚಲು ಬಿಡುವ ಒಪ್ಪಿಗೆಪತ್ರಗಳನ್ನು ಸಿದ್ಧಪಡಿಸಿದ್ದರು. ಅವು ಹೊರಬಂದದ್ದು 2002ರ ಡಿಸೆಂಬರಿನಲ್ಲಿ. ಮರುತಿಂಗಳೇ ಡಾಕ್ಟರೋ ತಮ್ಮ ಮೊದಲ ಕಾದಂಬರಿಯನ್ನು ಆ ಕಟ್ಟಳೆಯಂತೆ ಹೊರತಂದರು. ಹಾಗೆ ಬಂದ ಮೊಟ್ಟಮೊದಲ ಕಾದಂಬರಿ ಅದು. ‘ಲಿಟ್ಲ್ ಬ್ರದರ್’ ಕೂಡ ಅಚ್ಚಾದಾಗಲೇ ಹಾಗೆ ಬಿಡುಗಡೆಯಾಯಿತು. ಹೀಗೆ ಹಂಚಿದರೆ ಅಂಗಡಿಯಲ್ಲಿ ಕೊಳ್ಳುವವರಾರು ಎಂಬ ಶಂಕೆ ಸಹಜ. ಪುಸ್ತಕ ನ್ಯೂಯಾರ್ಕ್ ಟೈಮ್ಸಿನ ಹೆಚ್ಚು ಮಾರಾಟದ ಪಟ್ಟಿಯಲ್ಲಿ ಸೇರಿತು. 2009ರಲ್ಲಿ ಪ್ರಾಮಿಥಿಯಸ್ ಪ್ರಶಸ್ತಿಯನ್ನೂ ಪಡೆಯಿತು. ಹಂಚುವ ಪ್ರತಿಯಲ್ಲಿ ಒಂದೊಂದು ಅಧ್ಯಾಯವನ್ನೂ ಒಂದೊಂದು ಪುಸ್ತಕದ ಅಂಗಡಿಗೆ ಅರ್ಪಿಸಿರುವುದು ಲೇಖಕರ ಸೌಜನ್ಯ.

ಹತ್ತನೆಯ ಶತಮಾನದ ಕೊನೆಯಲ್ಲಿ ನಮ್ಮ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳೆಂಬುದನ್ನು ಇಲ್ಲಿ ನೆನೆಯದಿರಲಾರೆ. ಅಂದು ಒಂದೊಂದು ಪ್ರತಿಗೂ ಒಬ್ಬ ಲಿಪಿಕಾರನ ಬೆನ್ನು ಬಾಗಬೇಕಾಗಿತ್ತು. ಇಂದು ಸಾವಿರದ ಒಂದನೆಯ ಪ್ರತಿಗೆ ತಗಲುವ ಶ್ರಮ ಶೂನ್ಯ. ಆದರೂ ತಡೆಯುವವರಿಗೆ ಕೊರತೆಯಿಲ್ಲ. 2014ರಲ್ಲಿ ಫ್ಲಾರಿಡಾದ ಪೆನ್ಸಕೋಲ ಊರಿನ ಪ್ರೌಢಶಾಲೆಯೊಂದು ಬೇಸಗೆಯ ರಜೆಯಲ್ಲಿ ಎಲ್ಲ ಮಕ್ಕಳೂ ಓದಲೆಂದು ಈ ಕಾದಂಬರಿಯನ್ನು ಗೊತ್ತುಮಾಡಿತ್ತು. ಮುಖ್ಯೋಪಾಧ್ಯಾಯರು ಆ ಏರ್ಪಾಡನ್ನೇ ರದ್ದುಗೊಳಿಸಿದರು. ಲೇಖಕರೂ ಪ್ರಕಾಶಕರೂ ಕೂಡಿ ಇನ್ನೂರು ಪ್ರತಿಗಳನ್ನು ಆ ಮಕ್ಕಳಿಗೆ ಉಚಿತವಾಗಿ ಕಳುಹಿಸಿಕೊಟ್ಟರು.

ಪುಸ್ತಕದಲ್ಲಿ ಕುಂದುಗಳಿಲ್ಲವೆಂದಲ್ಲ. ಪಾತ್ರಗಳು ಆಗಾಗ ಕಥೆಯನ್ನು ನಿಲ್ಲಿಸಿ ಪಾಠ ಹೇಳುತ್ತವೆ; ಆದರೆ ಕಥೆಯನ್ನು ತಡೆದು ಸಮುದ್ರ, ನಗರ, ಚಂದ್ರೋದಯವೆಂದು ಅಷ್ಟಾದಶ ವರ್ಣನೆಗಳನ್ನು ನಡೆಸಿದ ಕವಿಗಳನ್ನು ಓದಿ ಬೆಳೆದ ನಾವು ಈ ಒಂದಕ್ಕೆ ಮುನಿಯಲಾಗದು. ಖಳರು ಬರಿಯ ಖಳರಾಗಿಯೇ ಉಳಿಯುತ್ತಾರೆ. ಇದು ದೊಡ್ಡ ಕೊರತೆ. ಭದ್ರತೆಯ ಕಡೆಯ ವಾದವನ್ನು ಯೋಗ್ಯನೊಬ್ಬನ ಬಾಯಲ್ಲಿ ಹೇಳಿಸಿದ್ದರೆ ಹುಡುಗನ ಗೆಲವು ಇನ್ನೂ ತೂಕವಾಗುತ್ತಿತ್ತು. ಮಗನ ಮೇಲಿನ ಭಯದಿಂದ ಸರಕಾರದ ಪಕ್ಷ ಹಿಡಿಯುವ ತಂದೆಯ ಪಾತ್ರ ಮಾತ್ರ ಜೀವಂತವಾಗಿದೆ. ಹದಿಹರೆಯದ ಪ್ರಣಯದ ಕೆಲವು ಪುಟಗಳೂ ಇರುವುದರಿಂದ, ಪುಸ್ತಕವನ್ನು ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳ ಕೈಗೆ ಕೊಡುವುದು ಮೇಲು.

“ನಮ್ಮಲ್ಲಿ ಮುಚ್ಚಿಡುವಂಥದೇನಿದೆ? ನಮಗೇಕೆ ಇದೆಲ್ಲ?” ಎನ್ನುವವರುಂಟು. ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲಿಯೂ ಅಂಚೆ ಕಾರ್ಡೂ ಇನ್‌ಲ್ಯಾಂಡ್ ಕಾಗದವೂ ಇರುತ್ತಿದ್ದುವು. ಸುಖವಾಗಿ ಬಂದು ಸೇರಿದೆವೆಂದು ಬರೆಯಲು ಕಾರ್ಡು ಸಾಕು. ಮಗಳ ಸಂಬಂಧದ ಮಾತು, ಸಾಲದ ಮಾತು, ಕಾಯಿಲೆಯ ಮಾತಾದರೆ ಇನ್‌ಲ್ಯಾಂಡಿಗೆ ಗೋಂದು ಹಚ್ಚುತ್ತಿದ್ದೆವು. ಅದರಲ್ಲಿ ಅಪರಾಧವೇನಿತ್ತು? 2015ರ ಸೆಪ್ಟೆಂಬರಿನಲ್ಲಿ ನಮ್ಮ ಕೇಂದ್ರ ಸರಕಾರವು ಗೂಢಲಿಪಿಯ ನೀತಿಯ ಕರಡೊಂದನ್ನು ಹೊರಡಿಸಿತು. ಗೂಢಲಿಪಿಯಲ್ಲಿ ಕಳುಹಿಸಿದ ಸಂದೇಶಗಳ ತೆರೆದ ಪ್ರತಿಯನ್ನು ಪ್ರಜೆಗಳು ತೊಂಬತ್ತು ದಿವಸ ಕಾಪಾಡಿಟ್ಟು, ಕೇಳಿದರೆ ಒಪ್ಪಿಸಬೇಕೆಂದು ಅದರಲ್ಲಿತ್ತು. ದೇಶದಲ್ಲೆಲ್ಲ ಆಕ್ಷೇಪ ಎದ್ದಿತು. ಅದೇ ತಿಂಗಳ 22ರಂದು ಕರಡನ್ನು ಹಿಂದಕ್ಕೆ ಪಡೆಯಲಾಯಿತು. ಎರಡು ವರ್ಷಗಳ ತರುವಾಯ, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿದರು. ಆ ಅರ್ಜಿಯನ್ನು 2012ರಲ್ಲಿ ಸಲ್ಲಿಸಿದವರು ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು, ಆಗ ಅವರಿಗೆ ಎಂಬತ್ತಾರು ವರ್ಷ. ಅರ್ಜಿಯ ಮೂಲವಾದ ಆಧಾರ್ ಯೋಜನೆಯನ್ನು 2018ರಲ್ಲಿ ನ್ಯಾಯಾಲಯ ಕೆಲವು ಮಿತಿಗಳೊಡನೆ ಎತ್ತಿಹಿಡಿಯಿತೆಂಬುದನ್ನೂ ಹೇಳಬೇಕು.

‘ಲಿಟ್ಲ್ ಬ್ರದರ್’ ಲೇಖಕರ ಸ್ವಂತ ಜಾಲತಾಣದಲ್ಲಿ ದೊರೆಯುತ್ತದೆ. ಅದನ್ನು ಇಳಿಸಿಕೊಳ್ಳಬಹುದು, ಅಚ್ಚು ಹಾಕಿ ನೆರೆಯವರಿಗೆ ಕೊಡಬಹುದು, ಅನುವಾದವನ್ನೂ ಮಾಡಬಹುದು. ಕಟ್ಟುಪಾಡುಗಳು ಮೂರೇ: ಲೇಖಕರ ಹೆಸರು ಹೇಳಬೇಕು, ಲಾಭಕ್ಕೆ ಮಾರಬಾರದು, ನಾವು ಮಾಡಿದ್ದನ್ನೂ ಅದೇ ಷರತ್ತಿನ ಮೇಲೆ ಬಿಟ್ಟುಕೊಡಬೇಕು. ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು, ಈಗ ಕಾಲೇಜಿನಲ್ಲಿರುವವರು, ಮೊದಲ ಅಧ್ಯಾಯವನ್ನು ಕನ್ನಡಕ್ಕೆ ತರಲು ಕುಳಿತಿದ್ದಾರೆ. ‘ಹ್ಯಾಕರ್’ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಜಗಳ ಹತ್ತಿರುವುದು ಹೆಸರಿನ ಮೇಲೆ. ಇಂಗ್ಲಿಷಿನವನು ‘ಬ್ರದರ್’ ಎಂಬುದಕ್ಕೆ ಹಿಂದೊಂದು ವಿಶೇಷಣ ಹಚ್ಚಬೇಕು, ನಮ್ಮಲ್ಲಿ ಅಣ್ಣ ತಮ್ಮ ಬೇರೆಬೇರೆ ಮಾತುಗಳೇ ಇವೆ. ಆದರೆ ‘ದೊಡ್ಡಣ್ಣ’ ಎಂದೊಡನೆ ಕನ್ನಡದವರಿಗೆ ಭಯಕ್ಕಿಂತ ಸಲಿಗೆಯೇ ಹೆಚ್ಚು ತೋರುತ್ತದೆ, ಆಗ ‘ಪುಟ್ಟ ತಮ್ಮ’ನ ಸವಾಲು ಸಪ್ಪೆಯಾಗುತ್ತದೆ ಎಂದು ಒಬ್ಬಳ ವಾದ. ಇನ್ನೊಬ್ಬನು ಧಾರವಾಡದ ಕಡೆಯವನು. ತಮ್ಮ ಸೀಮೆಯಲ್ಲಿ ದಾರಿಯಲ್ಲಿ ಹೋಗುವ ಯಾವ ಹುಡುಗನನ್ನಾದರೂ “ಏ ತಮ್ಮಾ” ಎಂದೇ ಕೂಗುತ್ತಾರೆ, ಅಷ್ಟೇ ಸಾಕು ಎನ್ನುತ್ತಾನೆ.